ಶಾಲು ಸಾಕು, ಒಂದು ಸೀನು ಕೊಡಿ

ಇಂದ:
ನೀವು ಎಲ್ಲೋ ನೋಡಿರುವ ಒಬ್ಬ ಪೋಷಕ ನಟ

ಗೆ:
ರಾಜ್ಯದ ಸಮಸ್ತ ಸನ್ಮಾನ ಸಮಿತಿಗಳ ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಮುಖ್ಯವಾಗಿ ಖಜಾಂಚಿಗಳಿಗೆ

ವಿಷಯ: ಸನ್ಮಾನ ಬೇಡ ಎಂದಲ್ಲ. ಬೇಕು, ಆದರೆ ಕೆಲವು ಷರತ್ತುಗಳಿವೆ ಎಂಬ ಬಗ್ಗೆ.

ಮಾನ್ಯರೇ,

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಉಳಿದ ತಿಂಗಳುಗಳಲ್ಲಿ ಸಾಲ ಬೇಕಾ ಅಂತ ಕೇಳುವವರು, ಗ್ಯಾಸ್ ಸಿಲಿಂಡರ್‌ನವರು ಬಿಟ್ಟರೆ ಯಾರೂ ಫೋನ್ ಮಾಡುವುದಿಲ್ಲ. ನವೆಂಬರ್ ಒಂದರ ಬೆಳಗ್ಗೆ ಮಾತ್ರ ಇದ್ದಕ್ಕಿದ್ದಂತೆ 'ನಾಡಿನ ಹೆಮ್ಮೆಯ ಹಿರಿಯ ಕಲಾವಿದ' ಆಗಿಬಿಡುತ್ತೇನೆ. ಕ್ಯಾಲೆಂಡರ್ ಪ್ರಕಾರ ರಾಜ್ಯೋತ್ಸವ ಒಂದು ದಿನದ ಹಬ್ಬ. ಬೆಂಗಳೂರಿನ ಬಡಾವಣೆಗಳಲ್ಲಿ ಅದು ಡಿಸೆಂಬರ್‌ವರೆಗೂ ಎಳೆಯುತ್ತದೆ. ಆಟೋ ಸ್ಟ್ಯಾಂಡಿನವರದ್ದು ಒಂದು ದಿನ, ತರಕಾರಿ ಮಾರ್ಕೆಟ್‌ನವರದ್ದು ಇನ್ನೊಂದು ದಿನ, ಅಪಾರ್ಟ್‌ಮೆಂಟಿನವರದ್ದು ಯಾವುದೋ ಭಾನುವಾರ. ಎಲ್ಲರಿಗೂ ಒಬ್ಬ ಹಿರಿಯ ಕಲಾವಿದ ಬೇಕು. ದೊಡ್ಡ ನಟರು ಸಿಗುವುದಿಲ್ಲ. ಸಿಕ್ಕರೂ ಬಜೆಟ್‌ಗೆ ಹೊಂದುವುದಿಲ್ಲ. ಆಗ ಯಾರಿಗೋ ನೆನಪಾಗುತ್ತದೆ: "ಸಿನಿಮಾದಲ್ಲಿ ಕೊನೇಲಿ ಬರ್ತಿದ್ದ ಆ ಇನ್ಸ್‌ಪೆಕ್ಟರ್ ಇಲ್ಲೇ ಹತ್ರದಲ್ಲಿ ಇದಾರಂತೆ." "ಹೌದಾ? ಇನ್ನೂ ಇದಾರಾ?" "ಇದಾರಂತೆ ಕಣ್ರೀ."

ಇದ್ದೇನೆ.

ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನನ್ನ ಮನೆಯ ಪರಿಸ್ಥಿತಿ ಸ್ವಲ್ಪ ಕೇಳಿ. ಬೀರುವಿನಲ್ಲಿ ಶಾಲು ಇಡಲು ಜಾಗವಿಲ್ಲ. ಇಸ್ತ್ರಿ ಮೇಜಿನ ಮೇಲೆ ಒಂದು ಹಾಸಿದ್ದೇವೆ. ಹಾರ್ಮೋನಿಯಂಗೆ ಒಂದು ಹೊದಿಸಿದ್ದೇವೆ. ಚಳಿ ಜಾಸ್ತಿಯಾದಾಗ ನನ್ನಾಕೆ ಬೀದಿ ನಾಯಿಗೂ ಒಂದು ಹೊದಿಸಿದಳು. ಜರಿ ಅಂಚಿನ ಶಾಲು ಹೊದ್ದು ಅದು ಗೇಟಿನ ಮುಂದೆ ಮಲಗಿದ್ದರೆ, ನೋಡಿದವರು ಅದಕ್ಕೂ ಸನ್ಮಾನ ಆಗಿದೆ ಅಂದುಕೊಳ್ಳುತ್ತಾರೆ. ಮೈಸೂರು ಪೇಟಗಳದ್ದು ಇನ್ನೊಂದು ಕಥೆ. ಎಲ್ಲ ತಲೆಗೂ ಒಂದೇ ಅಳತೆ. ಕೂದಲಿದ್ದ ಕಾಲದಲ್ಲಿ ಹಾಕಿದ್ದರೆ ನಿಲ್ಲುತ್ತಿತ್ತೋ ಏನೋ, ಈಗ ಮೂಗಿನವರೆಗೆ ಇಳಿಯುತ್ತದೆ. ನಿಮ್ಮ ಫೋಟೋಗಳಲ್ಲಿ ಪೇಟ ಕಾಣುತ್ತದೆ, ಕೆಳಗೆ ಗಲ್ಲ ಕಾಣುತ್ತದೆ, ನಡುವೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಹಾವೇರಿ ಕಡೆಯವರು ಹಾಕುವ ಏಲಕ್ಕಿ ಹಾರದ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. ಅದು ಮನೆಗೆ ಬಂದ ಮೇಲೆ ಪಾಯಸಕ್ಕೆ ಬೀಳುತ್ತದೆ.

ಕಾರ್ಯಕ್ರಮದ ಸಮಯದ ವಿಷಯಕ್ಕೆ ಬರುತ್ತೇನೆ. "ಆರಕ್ಕೆ ಕರೆಕ್ಟಾಗಿ ಬಂದ್ಬಿಡಿ ಸಾರ್" ಅನ್ನುತ್ತೀರಿ. ಕಂಪನಿ ನಾಟಕದಲ್ಲಿ ಬೆಳೆದವನು ನಾನು. ಮೂರನೇ ಬೆಲ್ ಹೊಡೆದರೆ ಪರದೆ ಏಳಲೇಬೇಕು ಅಂತ ಕಲಿತವನು. ಆರಕ್ಕೆ ಹೋದರೆ ಅಲ್ಲಿ ಟೆಂಪೋದಿಂದ ಕುರ್ಚಿ ಇಳಿಸುವ ಹುಡುಗ ಒಬ್ಬನೇ ಇರುತ್ತಾನೆ. ಅವನು ನನ್ನನ್ನು ಇನ್ನೊಬ್ಬ ಕೆಲಸಗಾರ ಅಂದುಕೊಂಡು "ಆ ಕಡೆ ಹಿಡ್ಕೊಳ್ಳಿ ಯಜಮಾನ್ರೇ" ಅಂದದ್ದೂ ಇದೆ. ಹಿಡಿದುಕೊಂಡೆ. ಶಾಸಕರು ಬಂದಾಗ ಒಂಬತ್ತೂವರೆ. ಆರ್ಕೆಸ್ಟ್ರಾ ಹುಡುಗರು ಹಾಡು ನಿಲ್ಲಿಸಿಬಿಟ್ಟರು. ನನಗೆ ಶಾಲು ಬಿತ್ತು, ಹಾರ ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ಬುಟ್ಟಿಯಲ್ಲಿ ಮೇಲೆ ಮೂರು ಸೇಬು, ಕೆಳಗೆ ಪೂರ್ತಿ ಪೇಪರ್ ಚೂರು. ಫೋಟೋಗ್ರಾಫರ್ "ಎಲ್ರೂ ಈ ಕಡೆ ನೋಡಿ" ಅಂದ. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಸ್ಮರಣಿಕೆ ಹಿಡಿದ ಎಂಟು ಮಂದಿಯ ನಡುವೆ ನನ್ನ ಎಡಗೈ ಇದೆ. ಉಂಗುರ ನೋಡಿ ನನ್ನಾಕೆ ಗುರುತು ಹಿಡಿದಳು.

ಇದನ್ನೆಲ್ಲ ಸಹಿಸಬಹುದು. ಪರಿಚಯ ಭಾಷಣ ಮಾತ್ರ ಸಹಿಸಲಾಗುವುದಿಲ್ಲ. "ಇವರ ಪರಿಚಯ ಯಾರಿಗೂ ಬೇಕಾಗಿಲ್ಲ" ಅಂತಲೇ ನಿರೂಪಕಿ ಶುರು ಮಾಡುತ್ತಾಳೆ. ಅಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯದು. ನಿಲ್ಲಿಸುವುದಿಲ್ಲ. ಹೋದ ವರ್ಷ ಒಂದು ವೇದಿಕೆಯಲ್ಲಿ ನನ್ನನ್ನು 'ಸತಿ ಸುಲೋಚನ' ಚಿತ್ರದ ನಟ ಎಂದು ಘೋಷಿಸಿದರು. ಜನ ಚಪ್ಪಾಳೆಯನ್ನೂ ತಟ್ಟಿದರು. ಅದು ಕನ್ನಡದ ಮೊದಲ ಟಾಕಿ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಅಭಿನಯಿಸಿದ್ದು. ಕೊಲ್ಲಾಪುರದಲ್ಲಿ ತಯಾರಾಗಿ 1934ರಲ್ಲಿ ಬಂದದ್ದು. ಆಗ ನಮ್ಮಪ್ಪನಿಗೇ ಮದುವೆಯಾಗಿರಲಿಲ್ಲ.

ಅದಕ್ಕೇ ಈ ಸಲ ನನ್ನ ಪರಿಚಯವನ್ನು ನಾನೇ ಬರೆದು ಕಳಿಸುತ್ತಿದ್ದೇನೆ. ಬೇಕಾದರೆ ಓದಿ, ಉದ್ದವಾಯಿತು ಅನ್ನಿಸಿದರೆ ಬಿಡಿ. ಹೊಸದಾಗಿ ಏನೂ ಸೇರಿಸಬೇಡಿ.

ನಾನು ತುಮಕೂರು ಜಿಲ್ಲೆಯವನು. ಆ ಕಾಲದಲ್ಲಿ ನಮ್ಮ ಕಡೆ ನಾಟಕ ಅಂದರೆ ಗುಬ್ಬಿ ಕಂಪನಿ. 1884ರಲ್ಲಿ ಶುರುವಾದದ್ದು. ಅದನ್ನು ಆ ಎತ್ತರಕ್ಕೆ ಬೆಳೆಸಿದವರು ವೀರಣ್ಣನವರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದವರು ಅವರು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ಮಗನೂ ಮುತ್ತುರಾಜನಾಗಿ ಅಲ್ಲೇ ಬಣ್ಣ ಹಚ್ಚಿದವರು. ನಾನು ಸೇರಿದ್ದು ಗುಬ್ಬಿ ಕಂಪನಿ ಅಲ್ಲ. ದಯವಿಟ್ಟು ಇದನ್ನು ನಿರೂಪಕಿಗೆ ಎರಡು ಸಲ ಹೇಳಿ. ನಾನು ಸೇರಿದ್ದು ಊರೂರು ಅಲೆಯುವ ಒಂದು ಸಣ್ಣ ಕಂಪನಿ. ತಗಡಿನ ಥಿಯೇಟರ್, ನಾಲ್ಕು ಪರದೆ, ಕಾಲಲ್ಲಿ ತುಳಿದು ನುಡಿಸುವ ಒಂದು ಹಾರ್ಮೋನಿಯಂ. ನಮ್ಮಲ್ಲಿದ್ದ ಪ್ರಾಣಿ ಅಂದರೆ ಅಡುಗೆ ಮನೆಯ ಬೆಕ್ಕು. ಅದು ದರ್ಬಾರು ಸೀನಿಗೆ ತಪ್ಪದೆ ಬರುತ್ತಿತ್ತು.

ನನ್ನ ಮೊದಲ ಪಾತ್ರ ಲೋಹಿತಾಶ್ವ. ಹರಿಶ್ಚಂದ್ರನ ಮಗ. ದರ್ಭೆ ತರಲು ಹೋಗಿ ಹಾವು ಕಚ್ಚಿ ಸಾಯುವ ಹುಡುಗ. ಅಂದರೆ ನನ್ನ ವೃತ್ತಿ ಶುರುವಾದದ್ದೇ ಹೆಣವಾಗಿ. ಮಾತು ಕಡಿಮೆ, ಮಲಗುವುದು ಜಾಸ್ತಿ. "ಸುಲಭದ ಪಾತ್ರ ಕಣೋ, ನಿದ್ದೆ ಬಂದ್ರೂ ನಡೆಯುತ್ತೆ" ಅಂತ ಮಾಲೀಕರು ಹೇಳಿದರು. ಅವರು ಯಾವತ್ತೂ ಹೆಣದ ಪಾತ್ರ ಮಾಡಿದವರಲ್ಲ.

ಸ್ಮಶಾನದ ಸೀನು ಬರುವಾಗ ರಾತ್ರಿ ಎರಡು ಗಂಟೆ. ಚಂದ್ರಮತಿಯ ತೊಡೆಯ ಮೇಲೆ ತಲೆ ಇಟ್ಟು ನಾನು ಸತ್ತಿರಬೇಕು. ಚಂದ್ರಮತಿ ಪಾತ್ರದ ಅಕ್ಕ ತಾರಸ್ಥಾಯಿಯಲ್ಲಿ ಅಳುತ್ತಾ ಹಾಡುತ್ತಿದ್ದರು. ಎಂಥ ಕಂಠ ಅಂತೀರಿ! ನೆಲದ ಮೇಲೆ ಕೂತ ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಅಕ್ಕನ ಕಣ್ಣೀರು ಮುಖಕ್ಕೆ ಹಚ್ಚಿದ ಸಫೇದ, ಇಂಗಳೀಕದ ಬಣ್ಣದ ಜೊತೆ ಕಲಸಿ ನನ್ನ ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ತಗಡಿನ ಆಚೆ ಕೆರೆ. ಕೆರೆ ಅಂದರೆ ಸೊಳ್ಳೆ. ಹೆಣ ಸೊಳ್ಳೆ ಹೊಡೆಯುವಂತಿಲ್ಲ. ಹಾಡು ಮುಗಿಯಿತು ಅನ್ನುವಷ್ಟರಲ್ಲಿ ಕುರ್ಚಿ ಕಡೆಯಿಂದ ಒಂದು ದನಿ: "ಒನ್ಸ್ ಮೋರ್!" ಅಕ್ಕ ಕಣ್ಣೊರೆಸಿಕೊಂಡು ಎದ್ದು, ಕೈಮುಗಿದು, ಮತ್ತೆ ಕೂತು, ನನ್ನ ತಲೆ ಎತ್ತಿ ತೊಡೆಯ ಮೇಲಿಟ್ಟು ಮೊದಲಿಂದ ಶುರು ಮಾಡುತ್ತಿದ್ದರು. ಅದು ಮುಗಿದರೆ ನೆಲದವರದ್ದು ಒಂದು ಒನ್ಸ್ ಮೋರ್. ಅವರೂ ದುಡ್ಡು ಕೊಟ್ಟವರೇ, ಅಲ್ವಾ? ಸೈಡ್ ವಿಂಗ್‌ನಿಂದ ಪ್ರಾಂಪ್ಟರ್ ಪಿಸುಗುಡುತ್ತಿದ್ದರು: "ಲೋ, ಹೊಟ್ಟೆ ಕುಣೀತಾ ಇದೆ. ಉಸಿರು ಹಿಡ್ಕೊಳ್ಳೋ ಮುಂಡೇದೆ."

ಅರಸೀಕೆರೆ ಕ್ಯಾಂಪಿನಲ್ಲಿ ಒಂದು ಬೆಳಗ್ಗೆ ಕಂಪನಿ ಮನೆ ಮುಂದೆ ಒಬ್ಬ ಅಜ್ಜಿ ಬಂದು ನಿಂತಿದ್ದರು. ಸೆರಗಿನ ತುದಿಯಲ್ಲಿ ಕೊಬ್ಬರಿ, ಬೆಲ್ಲ ಕಟ್ಟಿಕೊಂಡು ಬಂದಿದ್ದರು. "ರಾತ್ರಿ ಸತ್ತೋದ್ನಲ್ಲ ಮಗ, ಅವ್ನೆಲ್ಲಿ?" ಅಂದರು. ನಾನು ಬಾವಿ ಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದೆ. ಹತ್ತಿರ ಬಂದು ನನ್ನ ಕಾಲು ಮುಟ್ಟಿ ನೋಡಿದರು, ಹಾವು ಕಚ್ಚಿದ ಜಾಗ ಹುಡುಕಿದರು. "ನಾಟಕ ಅಂತ ನಂಗೂ ಗೊತ್ತು ಕಣಪ್ಪ. ಆದ್ರೂ ಒಂದ್ಸಲ ನೋಡ್ಕೊಂಡು ಹೋಗವಾ ಅಂತ ಬಂದೆ" ಅಂದು ಕೊಬ್ಬರಿ, ಬೆಲ್ಲ ಕೈಗಿಟ್ಟು ಹೋದರು. ಆವತ್ತು ರಾತ್ರಿ ಮತ್ತೆ ಬಂದು ನೆಲದಲ್ಲೇ ಕೂತು, ನಾನು ಸತ್ತಾಗ ಮತ್ತೆ ಅತ್ತರು. ಮಾನ್ಯರೇ, ನಿಮ್ಮ ಗಂಧದ ಹಾರಗಳ ಮೇಲೆ ನನಗೆ ಗೌರವವಿದೆ. ಆದರೆ ಆ ಕೊಬ್ಬರಿ, ಬೆಲ್ಲಕ್ಕೆ ಸಮನಾದದ್ದನ್ನು ಇನ್ನೂ ಯಾರೂ ಕೊಟ್ಟಿಲ್ಲ.

ಅಲ್ಲಿಂದ ಮುಂದೆ ಸಾಯುತ್ತಲೇ ಹೋದೆ. ಮೀಸೆ ಮೂಡಿದಾಗ ಅಭಿಮನ್ಯುವಾಗಿ ಸತ್ತೆ. ಮೈ ತುಂಬಿದ ಮೇಲೆ ದುಶ್ಶಾಸನನಾಗಿ ಸತ್ತೆ. ಒಂದೇ ಮಹಾಭಾರತದಲ್ಲಿ ಎರಡೂ ಪಕ್ಷದಿಂದ ಸತ್ತಿದ್ದೇನೆ, ಇಂಥ ನಿಷ್ಪಕ್ಷಪಾತ ಈಗ ಎಲ್ಲಿ ಸಿಗುತ್ತದೆ? ಸಾಮಾಜಿಕ ನಾಟಕಗಳಲ್ಲಿ ಕ್ಷಯ ಬಂದ ಅಪ್ಪನಾಗಿ ಕೆಮ್ಮಿ ಕೆಮ್ಮಿ ಸತ್ತೆ.

ಹೀಗೆ ಸಾಯುವುದಕ್ಕೆ ಮೊದಲು ಸೈಡ್ ವಿಂಗ್‌ನಲ್ಲಿ ಕಾಯುವ ಹೊತ್ತು ಬಹಳ ಇರುತ್ತಿತ್ತು. ನಾನು ನಟನೆ ಕಲಿತದ್ದು ಅಲ್ಲಿ. ನಮ್ಮ ಮಾಲೀಕರದ್ದು ವೀರಬಾಹುಕನ ಪಾತ್ರ. ಹರಿಶ್ಚಂದ್ರನನ್ನು ಕೊಂಡುಕೊಳ್ಳುವ ಸುಡುಗಾಡಿನ ಒಡೆಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೆಂಡದ ಬುರುಡೆ, ಕಾಲಲ್ಲಿ ಒಂದೇ ಗೆಜ್ಜೆ. ಚಕ್ರವರ್ತಿಯನ್ನು ಕೊಂಡವನ ಗತ್ತು ಒಂದು ಕಡೆ, ಕೊಂಡದ್ದು ಯಾರನ್ನು ಅಂತ ಗೊತ್ತಾಗದ ಮುಗ್ಧತನ ಇನ್ನೊಂದು ಕಡೆ. ಜನ ನಗುತ್ತಿದ್ದರು. ನಗುತ್ತಿದ್ದವರನ್ನು ಒಂದೇ ಮಾತಿನಲ್ಲಿ ಸುಮ್ಮನಾಗಿಸುತ್ತಿದ್ದರು ಆ ಮನುಷ್ಯ. ಇಡೀ ಪಾತ್ರ ನನಗೆ ಬಾಯಿಪಾಠ ಬಂದುಬಿಟ್ಟಿತ್ತು, ಅವರು ಎಲ್ಲಿ ಕೆಮ್ಮುತ್ತಿದ್ದರು ಅನ್ನುವುದೂ ಸೇರಿ. ಆದರೆ ಅದು ಮಾಲೀಕರ ಪಾತ್ರ. ಅವರಿಗೆ ಜ್ವರ ಬಂದರೆ ನಾಟಕವೇ ಬದಲಾಗುತ್ತಿತ್ತು, ಪಾತ್ರಧಾರಿ ಬದಲಾಗುತ್ತಿರಲಿಲ್ಲ. ನನಗೆ ಆ ವಯಸ್ಸು ಬರುವ ಹೊತ್ತಿಗೆ ಊರೂರಿಗೂ ಟೂರಿಂಗ್ ಟಾಕೀಸ್ ಬಂದಿತ್ತು. ಕಂಪನಿ ಮುಚ್ಚಿತು. ತಗಡು, ಪರದೆಗಳೆಲ್ಲ ಸಾಲಗಾರರ ಪಾಲಾದವು.

ಆಮೇಲೆ ಹೊಟ್ಟೆಪಾಡಿಗೆ ಹಳ್ಳಿಗಳಲ್ಲಿ ಡ್ರಾಮಾ ಮೇಷ್ಟ್ರಾದೆ. ಇದನ್ನು ಪರಿಚಯದಲ್ಲಿ ಖಂಡಿತ ಸೇರಿಸಿ. ತುಮಕೂರು, ಮಂಡ್ಯ ಕಡೆಯವರಿಗೆ ಗೊತ್ತು, ಪೌರಾಣಿಕ ನಾಟಕದಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು, ಹೊರಗಿಂದ ಬರುವ ನಟಿಯರ ಖರ್ಚೆಲ್ಲ ಅದರಲ್ಲೇ ಆಗಬೇಕು. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ರೇಟು ಜಾಸ್ತಿ. ಕುರಿ ಮಾರಿ ದುರ್ಯೋಧನ ಆದವರಿದ್ದಾರೆ.

ಒಂದು ಊರಲ್ಲಿ ಗದಾಯುದ್ಧದ ಸೀನು ಬರುವಾಗ ಬೆಳಕು ಹರಿದಿತ್ತು. ಅರ್ಧ ಜನ ಹಾಲು ಕರೆಯಲು ಎದ್ದು ಹೋಗಿದ್ದರು. ಮೊದಲ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಭೀಮ ತೊಡೆಗೆ ಹೊಡೆದ. ದುರ್ಯೋಧನ ಬೀಳಲಿಲ್ಲ. ಮತ್ತೆ ಹೊಡೆದ. ಊಹೂಂ. ಹಾರ್ಮೋನಿಯಂ ಹಿಂದಿನಿಂದ ನಾನು ಸನ್ನೆ ಮಾಡಿದೆ, ಬೀಳಪ್ಪ. ಅವನು ಗದೆ ಊರಿಕೊಂಡು ನನ್ನ ಕಡೆ ಬಗ್ಗಿ ಕೇಳಿದ: "ಮೇಷ್ಟ್ರೇ, ಅವ್ನು ಕೊಟ್ಟಿರೋದು ಎಂಟ್ನೂರು. ನಾನು ಕೊಟ್ಟಿರೋದು ಎರಡು ಸಾವ್ರ. ನಾನ್ಯಾಕೆ ಬೀಳ್ಲಿ?" ವ್ಯಾಸರ ಹತ್ತಿರ ಇದಕ್ಕೆ ಉತ್ತರವಿಲ್ಲ. ಕೊನೆಗೆ ಬೀಳುವ ಮೊದಲು ಎರಡು ಕಂದಪದ್ಯ, ಬಿದ್ದ ಮೇಲೆ ಒಂದು ಹಾಡು ಹಾಡಲು ಬಿಡುತ್ತೇನೆ ಅಂತ ಒಪ್ಪಂದವಾಯಿತು. ಬಸ್ಸಿನ ಡ್ರೈವರ್ ಎಂಜಿನ್ ಆಫ್ ಮಾಡಿ ಇಳಿದು ಬಂದು ಹಾಡು ಕೇಳಿದ. ಚೆನ್ನಾಗಿಯೇ ಹಾಡಿದ ನಮ್ಮ ದುರ್ಯೋಧನ.

ಸಿನಿಮಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನೀವು ನನ್ನನ್ನು ಕರೆಯುವುದೇ ಅದಕ್ಕಾಗಿ ಅಂತ ಗೊತ್ತು, ಆದರೂ. ಆಗ ಕನ್ನಡ ಚಿತ್ರಗಳ ಶೂಟಿಂಗ್ ಹೆಚ್ಚಾಗಿ ಮದ್ರಾಸಿನಲ್ಲಿ. ರಾತ್ರಿ ರೈಲಿನಲ್ಲಿ ಹೋಗಿ, ಕೋಡಂಬಾಕ್ಕಂನ ಲಾಡ್ಜಿನಲ್ಲಿ ಮುಖ ತೊಳೆದು, ಸ್ಟುಡಿಯೋ ಗೇಟಿನ ಮುಂದೆ ನಿಲ್ಲಬೇಕು. ಕೊನೇ ಸಾಲಿನವನಿಗೂ ಕೇಳುವಂತೆ ಮಾತಾಡಿ ಅಭ್ಯಾಸವಾದವನು ನಾನು. ಮೊದಲ ಟೇಕಿನಲ್ಲಿ "ಅಮ್ಮಾ" ಅಂದಾಗ ಸೌಂಡ್ ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತು ಆಚೆ ಇಟ್ಟರು. ಅಸಿಸ್ಟೆಂಟ್ ಡೈರೆಕ್ಟರ್ ಬಂದು ಹೇಳಿದ: "ಸಾರ್, ನಿಮ್ಮಮ್ಮ ಇಲ್ಲೇ ಪಕ್ಕದಲ್ಲಿ ಕೂತಿದಾರೆ. ತುಮಕೂರಲ್ಲಿಲ್ಲ." ಫಿಲ್ಮ್ ದುಬಾರಿ. ನಾನೂರು ಅಡಿಯ ಒಂದು ರೋಲು ನಾಲ್ಕೂವರೆ ನಿಮಿಷದಲ್ಲಿ ಖಾಲಿಯಾಗುತ್ತಿತ್ತು. ಹೀರೋಗಾದರೆ ರೀಟೇಕ್, ನಮಗೆ ಒಂದೇ ಟೇಕ್. ಕಂಪನಿ ನಾಟಕದವರಿಗೆ ಅದು ಕಷ್ಟವಾಗಲಿಲ್ಲ. ಬಾಲಕೃಷ್ಣ ಅವರನ್ನು ನೋಡಿ, ರಂಗಭೂಮಿಯಿಂದಲೇ ಬಂದವರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಎದುರಿನವರ ಮಾತಿಗೆ ಅವರ ಉತ್ತರ ಬರಬೇಕಾದ ಹೊತ್ತಿಗೇ ಬರುತ್ತಿತ್ತು. ನರಸಿಂಹರಾಜು ಅವರೂ ಕಂಪನಿ ನಾಟಕದವರೇ. ರಾಜ್‌ಕುಮಾರ್ ಮೊದಲ ಸಲ ನಾಯಕರಾದ 1954ರ 'ಬೇಡರ ಕಣ್ಣಪ್ಪ'ದಲ್ಲೇ ತೆರೆಗೆ ಬಂದವರು. ಅಂಥವರ ಮುಂದೆ ನಾವೆಲ್ಲ ಗುಂಪಿನಲ್ಲಿ ಗೋವಿಂದ.

ನನ್ನ ಮುಖದಲ್ಲಿ ಅದೇನು ಕಂಡರೋ, ಇನ್ಸ್‌ಪೆಕ್ಟರ್ ಪಾತ್ರಕ್ಕೆ ಅಂಟಿಸಿಬಿಟ್ಟರು. ಫೈಟ್ ಮುಗಿದು, ವಿಲನ್ ರಕ್ತ ಕಾರಿ ಬಿದ್ದ ಮೇಲೆ ಜೀಪಿನಲ್ಲಿ ಬಂದು "ಯು ಆರ್ ಅಂಡರ್ ಅರೆಸ್ಟ್" ಅನ್ನುವವನು ನಾನು. ಸ್ವಲ್ಪ ಬೇಗ ಬಂದಿದ್ದರೆ ಎಷ್ಟೋ ಜನ ಬದುಕುತ್ತಿದ್ದರು. ಪ್ರೊಡಕ್ಷನ್‌ನವರು ಜೀಪು ಕಳಿಸುತ್ತಿದ್ದದ್ದೇ ಆ ಹೊತ್ತಿಗೆ. ಒಂದೇ ಯೂನಿಫಾರ್ಮು, ಎಲ್ಲ ಇನ್ಸ್‌ಪೆಕ್ಟರ್‌ಗಳಿಗೂ ಅದೇ. ನನಗಿಂತ ಹಿಂದಿನವರ ಹೊಟ್ಟೆ ದೊಡ್ಡದಿದ್ದರೆ ನಾನು ಒಳಗೆ ಟವಲ್ ತುರುಕಿಕೊಳ್ಳಬೇಕು.

ಮಂಡ್ಯದ ಹತ್ತಿರ ಔಟ್‌ಡೋರ್ ಶೂಟಿಂಗ್. ಟೀ ಬ್ರೇಕಿನಲ್ಲಿ ಆ ಯೂನಿಫಾರ್ಮಿನಲ್ಲೇ ಆಲದ ಮರದ ಕೆಳಗೆ ಕೂತಿದ್ದೆ. ಒಬ್ಬ ಮುದುಕಿ ಓಡಿ ಬಂದು ಕಾಲಿಗೆ ಬಿದ್ದಳು. "ಸ್ವಾಮಿ, ನನ್ ಹುಂಜನ ಹೊಡ್ಕಂಡೋಗವ್ರೆ. ಆ ಮೂಲೆ ಮನೆಯವ್ನೇ. ಕೇಳಿದ್ರೆ ಹೊಡಿಯಾಕ್ ಬತ್ತಾನೆ." ಶೂಟಿಂಗ್ ತಾಯಿ, ನಾನು ನಿಜವಾದ ಪೊಲೀಸ್ ಅಲ್ಲ ಅಂದೆ. "ಎಲ್ರೂ ಹಿಂಗೇ ಯೋಳಾದು" ಅಂದಳು. ಸರಿ, ಎದ್ದು ಹೋದೆ. ಮೂಲೆ ಮನೆ ಮುಂದೆ ಬೂಟು ಕಾಲಿನಲ್ಲಿ ನಿಂತು, ಟೋಪಿ ಸರಿ ಮಾಡಿಕೊಂಡು, ಒಂದು ಮಾತೂ ಆಡದೆ ಬಾಗಿಲ ಕಡೆ ನೋಡುತ್ತಾ ನಿಂತೆ. ವೀರಬಾಹುಕ ಹಾಗೆ ನಿಲ್ಲುತ್ತಿದ್ದ. ಒಳಗಿಂದ ಕಿಟಕಿಯಲ್ಲಿ ಹುಂಜ ಆಚೆ ಹಾರಿ ಬಂತು. ಬಂತೋ, ಯಾರಾದರೂ ಎಸೆದರೋ ಗೊತ್ತಿಲ್ಲ. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿ ನಾನು ಬಗೆಹರಿಸಿದ ಕೇಸು ಅದೊಂದೇ. ಆ ಚಿತ್ರದ ನಿರ್ಮಾಪಕರು ಕೊಟ್ಟ ಚೆಕ್ಕು ವಾಪಸ್ ಬಂತು. ಮುದುಕಿ ಕೊಟ್ಟ ಎರಡು ಮೊಟ್ಟೆ ಸರಿಯಾಗಿದ್ದವು.

ಈಗಿನದು ಸೀರಿಯಲ್ ಕಾಲ. ಇಲ್ಲೂ ನನ್ನ ಕೆಲಸ ಸಾಯುವುದೇ. ಅಜ್ಜನ ಪಾತ್ರ. ಮನೆ ಮುರಿಯುವ ಸುದ್ದಿ ಕೇಳಿ ಎದೆ ಹಿಡಿದುಕೊಳ್ಳಬೇಕು. ಕ್ಯಾಮೆರಾ ಮುಖದ ಮೇಲೆ ಮೂರು ಸಲ ಬಂದು ಬಡಿಯುತ್ತದೆ. ಅಲ್ಲಿಂದ ಎರಡು ದಾರಿ. ಒಂದು, ಕೋಮಾ. ಕೋಮಾದಷ್ಟು ಸುಖ ಬೇರೆ ಇಲ್ಲ. ಡೈಲಾಗ್ ಇಲ್ಲ, ಹಾಸಿಗೆ ಇದೆ, ಎಸಿ ಇದೆ, ಮಲಗಿದ ದಿನಕ್ಕೆ ಪೇಮೆಂಟ್ ಇದೆ. ಲೋಹಿತಾಶ್ವನ ಟ್ರೇನಿಂಗ್ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಹುಡುಗರು ನಿರ್ದೇಶನ ಮಾಡುವಾಗ ಆಶ್ಚರ್ಯಪಡುತ್ತಾರೆ, "ಸಾರ್, ಹೊಟ್ಟೆ ಅಲ್ಲಾಡೋದೇ ಇಲ್ವಲ್ಲ!" ಅಂತ. ಎರಡನೆಯ ದಾರಿ, ಸಾವು. ಸತ್ತರೆ ಫೋಟೋ ತೆಗೆದು, ಹಾರ ಹಾಕಿ, ಹಾಲ್‌ನಲ್ಲಿ ತೂಗುಹಾಕುತ್ತಾರೆ. ಮುಂದೆ ವರ್ಷಗಟ್ಟಲೆ ಸೊಸೆಯರು ಆ ಫೋಟೋ ಮುಂದೆ ನಿಂತು ಅಳುತ್ತಾರೆ, ಪ್ರತಿಜ್ಞೆ ಮಾಡುತ್ತಾರೆ, ಸಂಚು ಹೂಡುತ್ತಾರೆ. ದಿನಾ ಪರದೆ ಮೇಲೆ ನಾನಿರುತ್ತೇನೆ, ದಿನದ ಲೆಕ್ಕದಲ್ಲಿ ಇರುವುದಿಲ್ಲ. ಪ್ರೊಡಕ್ಷನ್ ಮ್ಯಾನೇಜರ್‌ನನ್ನು ಕೇಳಿದೆ, ಫೋಟೋಗೇನಾದರೂ ಕೊಡ್ತೀರೇನಪ್ಪಾ ಅಂತ. "ಸಾರ್, ಹಾರ ಪ್ಲಾಸ್ಟಿಕ್‌ದು ಹಾಕಿದೀವಿ, ಬಾಡಲ್ಲ" ಅಂದ.

ಕಲಾವಿದರ ಮಾಸಾಶನಕ್ಕೆ ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡಬೇಕು, ನಾನು ಬದುಕಿದ್ದೇನೆ ಅಂತ. ಹೋದ ಸಲ ಕಚೇರಿಯೊಂದಕ್ಕೆ ಹೋದೆ. ಕಿಟಕಿ ಹಿಂದಿನ ಹೆಣ್ಣುಮಗಳು ನನ್ನ ಮುಖ ನೋಡಿ ಗಾಬರಿಯಾದಳು. "ಅಯ್ಯೋ, ನಿನ್ನೆ ರಾತ್ರಿ ತೀರ್ಕೊಂಡ್ರಲ್ಲ ಸಾರ್! ನಮ್ಮತ್ತೆ ಊಟಾನೇ ಮಾಡ್ಲಿಲ್ಲ." ಪಕ್ಕದವರನ್ನೂ ಕರೆದಳು. ಇಡೀ ಸೆಕ್ಷನ್ ಎದ್ದು ಬಂತು. ಸೆಲ್ಫಿಗಳಾದವು. ಸೊಸೆಗೆ ಆಸ್ತಿ ಬರೆದಿಟ್ಟಿದ್ದೀರೋ ಇಲ್ಲವೋ ಅಂತ ವಿಚಾರಣೆಯೂ ಆಯಿತು. ಇಷ್ಟೆಲ್ಲ ಮುಗಿದ ಮೇಲೆ, ಆಧಾರ್ ಜೆರಾಕ್ಸ್ ಇಲ್ಲ, ನಾಳೆ ಬನ್ನಿ ಅಂದರು. ಅಷ್ಟು ಜನರ ಎದುರು ಮಾತಾಡುತ್ತಾ ನಿಂತಿದ್ದರೂ ಬದುಕಿರುವುದಕ್ಕೆ ದಾಖಲೆ ಸಾಕಾಗಲಿಲ್ಲ.

ರಾಜ್ಯೋತ್ಸವ ಪ್ರಶಸ್ತಿ ಬಂತಾ ಅಂತ ನೀವು ವೇದಿಕೆಯಲ್ಲಿ ಕೇಳುತ್ತೀರಿ. ಬಂದಿಲ್ಲ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಜನಕ್ಕೆ ಅದನ್ನು ಕೊಡುವ ಪದ್ಧತಿ ಇದೆ. 2023ರಲ್ಲಿ 68, 2024ರಲ್ಲಿ 69. ವರ್ಷಕ್ಕೊಂದು ಸೀಟು ಜಾಸ್ತಿಯಾಗುತ್ತಿದೆ. ಹಿರಿಯ ರಂಗನಟ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಇದ್ದರು. ರಂಗಭೂಮಿಯವರಿಗೆ ಕಾಯಲು ಬರುತ್ತದೆ.

ಪರಿಚಯ ಇಷ್ಟು. ಈಗ ಷರತ್ತುಗಳು.

ಆರು ಗಂಟೆ ಅಂದರೆ ಆರಕ್ಕೆ ಶುರು ಮಾಡಿ. ಶಾಸಕರಿಗಾಗಿ ಕಾಯುವುದಾದರೆ ನನಗೂ ಒಂಬತ್ತೂವರೆ ಅಂತಲೇ ಹೇಳಿ. ಮನೆಯಲ್ಲಿ ಊಟ ಮಾಡಿ, ಮಾತ್ರೆ ನುಂಗಿ ಬರುತ್ತೇನೆ. ಕೈ ಇರುವ ಕುರ್ಚಿ ಹಾಕಿಸಿ. ಸಿಂಹಾಸನದಂಥ ಕೆಂಪು ಸೋಫಾ ಬೇಡ, ಅದರಿಂದ ಏಳಲು ಇಬ್ಬರು ಬೇಕು. ಶಾಲು, ಪೇಟ, ಸ್ಮರಣಿಕೆ, ಬುಟ್ಟಿ, ನಾಲ್ಕನ್ನೂ ಕೈಬಿಡಿ. ಆ ದುಡ್ಡು ಎಷ್ಟಾಗುತ್ತದೆ ಅಂತ ಖಜಾಂಚಿಗಳು ಲೆಕ್ಕ ಹಾಕಲಿ. ಅದನ್ನು ನನಗೆ ಕೊಡಬೇಡಿ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಈಗಲೂ ನಾಟಕ ಕಂಪನಿಗಳು ಥಿಯೇಟರ್ ಹಾಕುತ್ತವೆ. ಮೈಕಿನಲ್ಲಿ "ಮರೆತು ನಿರಾಶರಾಗದಿರಿ" ಅಂತ ಕೂಗುತ್ತಾರೆ. ರಾತ್ರಿಯಿಡೀ ಆಟದ ಮೇಲೆ ಆಟ. ಆ ದುಡ್ಡಿಗೆ ನಿಮ್ಮ ಸಮಿತಿಯವರೆಲ್ಲ ಹೋಗಿ ಟಿಕೆಟ್ ತೆಗೆಸಿ ನೋಡಿ. ಪಾಸು ಕೇಳಬೇಡಿ. ನನ್ನನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಾಕು. ಅಲ್ಲಿ ಯಾವನಾದರೂ ಹುಡುಗ ಚೆನ್ನಾಗಿ ಸತ್ತರೆ ಒನ್ಸ್ ಮೋರ್ ಹೇಳೋಣ.

ಇನ್ನು ನಿಮ್ಮ ವೇದಿಕೆಯಲ್ಲಿ ನನ್ನ ಪಾಲಿನ ಹೊತ್ತು. 'ಎರಡು ಮಾತಾಡಿ ಸಾರ್' ಅಂತ ಮೈಕು ಕೊಡುತ್ತೀರಿ. ಮಾತು ಬೇಡ. ಹತ್ತು ನಿಮಿಷ ಕೊಡಿ, ವೀರಬಾಹುಕನ ಸೀನು ಮಾಡುತ್ತೇನೆ. ಇಷ್ಟು ವರ್ಷದಲ್ಲಿ ಆ ಪಾತ್ರವನ್ನು ನನಗೆ ಯಾರೂ ಕೊಟ್ಟಿಲ್ಲ, ನಾನೂ ಬಾಯಿಬಿಟ್ಟು ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಸೀನರಿ ಬೇಡ, ಲೈಟು ಬೇಡ. ನಿಮ್ಮ ಬಡಾವಣೆಯ ಯಾರಾದರೂ ಹರಿಶ್ಚಂದ್ರನಾಗಿ ಎದುರು ನಿಂತರೆ ಸಾಕು. ಅವನಿಗೆ ಮಾತು ಕಡಿಮೆ, ತಲೆ ತಗ್ಗಿಸಿ ನಿಂತರೆ ಆಯಿತು. ಅಧ್ಯಕ್ಷರೇ ಆದರೂ ಅಡ್ಡಿಯಿಲ್ಲ. ಆದರೆ ನಾನು ಅವರನ್ನು ನಿಮ್ಮೆಲ್ಲರ ಎದುರಿಗೆ ಹಲ್ಲು ಹಿಡಿದು ನೋಡಿ, ಬೆನ್ನು ತಟ್ಟಿ, ಬೆಲೆ ಕಟ್ಟಿ ಕೊಂಡುಕೊಳ್ಳುತ್ತೇನೆ. ಅದಕ್ಕೆ ಮೊದಲೇ ಒಪ್ಪಿಗೆ ತೆಗೆದುಕೊಂಡಿರಿ. ಹಾರ್ಮೋನಿಯಂ ನನ್ನದೇ ಇದೆ, ಮೇಲಿನ ಶಾಲು ತೆಗೆದರೆ ರೆಡಿ. ಅದನ್ನು ಸಾಗಿಸಲು ಮಾತ್ರ ಒಂದು ಆಟೋ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಪೋಷಕ ನಟ
ಬೆಂಗಳೂರು

ವಿ.ಸೂ.: ನೀವು ಫೋನ್ ಮಾಡುವ ಹೊತ್ತಿಗೆ ನಾನು ತೀರಿಕೊಂಡ ಸುದ್ದಿ ಬಂದಿದ್ದರೆ, ಯಾವ ಚಾನೆಲ್‌ನಲ್ಲಿ ಅಂತ ಮೊದಲು ವಿಚಾರಿಸಿ. ಎಂಟೂವರೆಯ ಸೀರಿಯಲ್‌ನಲ್ಲಾದರೆ ಕಾರ್ಯಕ್ರಮ ಮುಂದೂಡಬೇಡಿ.